ಮೂವತ್ತನಾಲ್ಕನೆಯ ಕಿಲೋಮೀಟರಿನ ಶಾಲು

ಡೊಂಬಿವಲಿ ಪೂರ್ವ
ನವೆಂಬರ್ 10, 2024

ಚಿ. ಪ್ರೇಕ್ಷಾಳಿಗೆ,

ಓಟದ ವಿಷಯವನ್ನು ಯಾರ್ಯಾರನ್ನೋ ಕೇಳುವ ಬದಲು ನನ್ನನ್ನು ಕೇಳು. ಏಳನೆಯ ಕ್ಲಾಸಿನಲ್ಲಿದ್ದಾಗ ಮೂಲ್ಕಿ ಸೇತುವೆಯಿಂದ ಪಡುಬಿದ್ರಿಯವರೆಗೆ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನೊಡನೆ ಬರಿಗಾಲಲ್ಲಿ ಓಡಿ ಗೆದ್ದವನು ನಾನು. ಬಸ್ಸು ಬಂದು ನಿಲ್ಲುವಷ್ಟರಲ್ಲಿ ನಾನು ಗೋಳಿಸೋಡಾ ಕುಡಿದು ಮುಗಿಸಿದ್ದೆ. ಡ್ರೈವರ್ ಇಳಿದು ಬಂದು, “ಮಾರಾಯ, ಇನ್ನು ಈ ರೂಟಿನಲ್ಲಿ ಬಸ್ಸು ಓಡಿಸಲಿಕ್ಕೆ ನನಗೆ ಮರ್ಯಾದೆ ಉಂಟಾ?” ಎಂದು ಕೈಮುಗಿದ. ಮರುವಾರ ಅವನು ಮೀನಿನ ಲಾರಿಗೆ ಸೇರಿದ. ಬೇಕಾದರೆ ನಿನ್ನ ಅಮ್ಮನನ್ನು ಕೇಳು. ನನ್ನ ತಂಗಿ ರತ್ನಾವತಿಗೆ ಆಗ ಮೂರು ವರ್ಷ, ನೆನಪಿರಲಿಕ್ಕಿಲ್ಲ.

ನೀನು ಮನೆ ಬಿಟ್ಟು ನೆರೂಲಿಗೆ ಹೋಗಿ ಆರು ತಿಂಗಳಾಯಿತು. ಫೋನು ಎತ್ತುವುದಿಲ್ಲ. ಅದಕ್ಕೇ ನಮ್ಮ ಮನೆಯ ಹಳೆಯ ಕಾನೂನನ್ನು ಹೊರಗೆ ತೆಗೆದಿದ್ದೇನೆ: ಮಾತು ಬಿಟ್ಟಾಗ ಚೀಟಿ ಬರೆಯಬಹುದು, ಚೀಟಿಗೆ ಉತ್ತರ ಕೊಡಲೇಬೇಕು. ನಾಲ್ಕನೆಯ ಕ್ಲಾಸಿನಲ್ಲಿ ಕುಲ್ಫಿಯ ಜಗಳಕ್ಕೆ ನನ್ನೊಡನೆ ಹನ್ನೊಂದು ದಿನ ಮಾತು ಬಿಟ್ಟು ಆ ಕಾನೂನು ಮಾಡಿದವಳು ನೀನೇ.

ಒಂದು ಶಾಲಿಗೆ ಇಷ್ಟು ಸಿಟ್ಟೇ? ನಮ್ಮ ಊರವರ ಸಂಘದವರು ನಿನಗೆ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನಿನ್ನ ಅಮ್ಮ ಖುಷಿಯಿಂದ ಅತ್ತಳು. ಯಾರಿಗೆ ಏನು ನಷ್ಟವಾಯಿತು ಹೇಳು. ಮೂವತ್ತನಾಲ್ಕು ಕಿಲೋಮೀಟರ್ ಓಡಿದವಳಿಗೆ ನಲವತ್ತೆರಡು ಎಂದರೆ ಅದೇನು ಮಹಾ ಸುಳ್ಳು? ಹೋಟೆಲಿನ ಗಲ್ಲಾದಲ್ಲಿ ಚಿಲ್ಲರೆ ಇಲ್ಲದಾಗ ನಾವು ಮೇಲಿನ ಲೆಕ್ಕಕ್ಕೆ ಸರಿ ಮಾಡುವುದಿಲ್ಲವೇ?

ಉತ್ತರ ಬರೆ. ಕಾನೂನು ಕಾನೂನೇ.

ಇತಿ, ಬಸ್ಸನ್ನು ಸೋಲಿಸಿದ ನಿನ್ನ ಮಾಮ, ತುಳುವಿನಲ್ಲಿ ತಮ್ಮಲೆ,
ಲೀಲಾಧರ


ನೆರೂಲ್
ನವೆಂಬರ್ 21, 2024

ಮಾಮ,

ಕಾನೂನು ಇದೆ ಎಂದು ಬರೆಯುತ್ತಿದ್ದೇನೆ, ಪ್ರೀತಿಗಲ್ಲ. ನನ್ನ ಕನ್ನಡದ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ನಷ್ಟ ಯಾರಿಗೆ ಎಂದು ಕೇಳಿದಿರಿ. ಹೇಳುತ್ತೇನೆ. ಕಳೆದ ಮಾರ್ಚಿನ ಮ್ಯಾರಥಾನ್ ಓಟದಲ್ಲಿ, ಪಾಮ್ ಬೀಚ್ ರಸ್ತೆಯ ಮೂವತ್ತನಾಲ್ಕನೆಯ ಕಿಲೋಮೀಟರಿನ ಬೋರ್ಡಿನ ಬುಡದಲ್ಲಿ ನಾನು ಕುಳಿತೆ. ಏಳಲು ಆಗಲಿಲ್ಲ. ಆಂಬುಲೆನ್ಸಿನಲ್ಲಿ ಬಂದೆ. ಮನೆಗೆ ಬಂದು ನಿಮಗೆ ಒಬ್ಬರಿಗೇ ಹೇಳಿ ಅತ್ತೆ. ಮರುದಿನ ನೀವು ಹೋಟೆಲಿನ ಗಲ್ಲಾದಲ್ಲಿ ಕುಳಿತು, ‘ನಮ್ಮ ಹುಡುಗಿ ನಲವತ್ತೆರಡೂ ಓಡಿದಳು, ಎರಡನೆಯ ನಂಬರು’ ಎಂದು ಇಡೀ ಡೊಂಬಿವಲಿಗೆ ಸಾರಿದಿರಿ. ಥಾಣೆ ಊರಿನ ಸಭಾಭವನದಲ್ಲಿ ಸಂಘದ ವಾರ್ಷಿಕೋತ್ಸವದ ದಿನ ಮೈಕಿನಲ್ಲಿ ನನ್ನ ಹೆಸರು ಕರೆದರು. ವೇದಿಕೆಯಿಂದ ನಿಮ್ಮ ಮುಖ ನೋಡಿದೆ. ಎರಡು ಕೈಯೆತ್ತಿ ಚಪ್ಪಾಳೆ ಹೊಡೆಯುತ್ತಿದ್ದಿರಿ. ನಿಜ ಹೇಳಿದ್ದರೆ ನಿಮ್ಮ ಮಾನ ಹೋಗುತ್ತಿತ್ತು, ಶಾಲು ಹೊದ್ದರೆ ನನ್ನದು. ಹೊದ್ದೆ.

ಆ ಶಾಲು ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇದೆ. ಬರುವ ಮಾರ್ಚಿನಲ್ಲಿ ನಲವತ್ತೆರಡು ಓಡಿ ಮುಗಿಸಿದ ಮೇಲೆಯೇ ಅದನ್ನು ಬಿಚ್ಚುತ್ತೇನೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓಡಿ, ಮತ್ತೆ ಬೇಲಾಪುರದ ಆಫೀಸಿಗೆ ಹೋಗುವುದು ಇದೊಂದಕ್ಕಾಗಿ. ಆದರೆ ಈ ಸಲ ಎಂಟ್ರಿ ಎರಡೇ ದಿನದಲ್ಲಿ ಭರ್ತಿಯಾಗಿಹೋಯಿತು. ನಮ್ಮ ಗುಂಪಿನ ಏಳು ಜನರಿಗೆ ಸಿಗಲಿಲ್ಲ. ಎಲ್ಲೆಲ್ಲೋ ವಿಚಾರಿಸುತ್ತಿದ್ದೇವೆ. ಇದನ್ನು ಸುಮ್ಮನೆ ಹೇಳಿದೆ ಅಷ್ಟೇ. ನೀವು ಏನೂ ಮಾಡಬೇಡಿ.

ಪ್ರೇಕ್ಷಾ


ಡೊಂಬಿವಲಿ ಪೂರ್ವ
ಡಿಸೆಂಬರ್ 2, 2024

ಚಿ. ಪ್ರೇಕ್ಷಾಳಿಗೆ,

ಏನೂ ಮಾಡಬೇಡಿ ಎಂದು ಬರೆದಿದ್ದೀ. ಆದರೆ ಮಾಡಿ ಆಯಿತಲ್ಲ!

ನಮ್ಮ ಹೋಟೆಲಿನ ಆರನೆಯ ಟೇಬಲಿಗೆ ದಿನಾ ಸಂಜೆ ಮನೀಶ್ ಎಂಬವನು ಬರುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಹಿಂದಿಯವನೋ ಏನೋ ಎಂದುಕೊಂಡಿದ್ದೆ. ಮೊನ್ನೆ ಬಿಲ್ಲು ಕೊಡುತ್ತ, “ಎಂಚ ಉಲ್ಲರ್ ಅಣ್ಣೆರೆ?” ಎಂದ, ಹೇಗಿದ್ದೀರಿ ಅಣ್ಣ ಎಂದು. ತುಳು! ಕಟಪಾಡಿಯವನಂತೆ. ಮಾತಿಗೆ ಮಾತು ಬಂದು, ನಿನ್ನ ಮಾರ್ಚ್ ಓಟದ ವ್ಯವಸ್ಥೆಯಲ್ಲೇ ಅವನಿಗೆ ಕೆಲಸ ಎಂದು ತಿಳಿಯಿತು. ಪ್ರಾಯೋಜಕರ ಪಾಲಿನ ಎಂಟ್ರಿಗಳು ಅವನ ಕೈಯಲ್ಲಿ ಇವೆಯಂತೆ. ಏಳು ಬೇಕು ಎಂದೆ. “ಅಣ್ಣೆರೆ, ಇರೆಗ್ ಇಜ್ಜಿ ಪನ್ಪಿನ ಉಂಡಾ!” ಎಂದ. ನನಗೆ ಇಲ್ಲ ಎನ್ನುವುದುಂಟೇ ಎಂದು. ನೋಡು, ನೀವು ಏಳು ಜನ ಮೊಬೈಲು ಉಜ್ಜಿ ಉಜ್ಜಿ ಪಡೆಯಲಾಗದ್ದನ್ನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು ಒಂದು ಕಟಿಂಗ್ ಚಹಾದಲ್ಲಿ ಪಡೆದ.

ನಗದು ಕೊಡಬೇಕು. ತಲೆಗೆ ಮೂರೂವರೆ ಸಾವಿರ. ಕೈಗೆ ಕೂಪನ್ ಕೊಡುತ್ತಾನೆ. ಹೆಸರು, ವಯಸ್ಸು ಬರೆದು ಕಳಿಸು.

ಇತಿ, ಕೈಗೆ ಹಿಡಿದದ್ದನ್ನು ಬಿಡದ,
ಲೀಲಾಧರ


ನೆರೂಲ್
ಡಿಸೆಂಬರ್ 15, 2024

ಮಾಮ,

ಬೇಡ ಎಂದು ಬರೆಯಲು ಕುಳಿತಿದ್ದೆ. ನಮ್ಮ ಓಟದ ಗುಂಪಿನ ಊರ್ಮಿಳಕ್ಕ ಪಕ್ಕದಲ್ಲೇ ಇದ್ದರು. ಧಾರವಾಡದ ಕಡೆಯವರು, ಬದಲಾಪುರದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ, ವಯಸ್ಸು ನಲವತ್ತಾರು. ಈ ವಯಸ್ಸಿಗೆ ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡುತ್ತಾಳೆ ಎಂದು ಅವರ ಅತ್ತೆ ಮೂರು ತಿಂಗಳಿಂದ ಸೊಸೆಯ ಕೈಯ ಚಹಾ ಕುಡಿಯುತ್ತಿಲ್ಲ. ಅವರು ಪೆನ್ನು ಹಿಡಿದ ನನ್ನ ಕೈಯನ್ನೇ ಹಿಡಿದುಬಿಟ್ಟರು: “ಏ ಹುಡುಗಿ, ನಿಮ್ಮ ಮಾಮಾರು ಹೋಟೆಲ್ಲಿನ್ಯಾಗ ಕೂತವ್ರು. ಅವ್ರಿಗೆ ಹತ್ತು ಮಂದಿ ಗುರ್ತ ಇರ್ತಾರ. ನಿನ್ನ ಸಿಟ್ಟು ನಿನ್ನ ಹಂತ್ಯಾಕ ಇಟ್ಕೋ. ನನ್ನ ಹೆಸರು ಮೊದಲು ಬರಿ.”

ಏಳು ಹೆಸರು ಹಿಂದಿನ ಪುಟದಲ್ಲಿವೆ. ಹಣ ಊರ್ಮಿಳಕ್ಕ ತಂದುಕೊಡುತ್ತಾರೆ.

ನನ್ನದು ಒಂದೇ ಷರತ್ತು. ಆಗದಿದ್ದರೆ ಆಗಲಿಲ್ಲ ಎನ್ನಿ. ಆಗಲಿಲ್ಲ ಎಂಬುದನ್ನು ನಾನು ತಡೆದುಕೊಳ್ಳುತ್ತೇನೆ. ಇನ್ನೊಂದು ಶಾಲನ್ನು ತಡೆದುಕೊಳ್ಳುವುದಿಲ್ಲ.

ಪ್ರೇಕ್ಷಾ


ಡೊಂಬಿವಲಿ ಪೂರ್ವ
ಜನವರಿ 12, 2025

ಚಿ. ಪ್ರೇಕ್ಷಾಳಿಗೆ,

ಕೂಪನ್‌ಗಳು ಬಂದವು! ಹಳದಿ ಬಣ್ಣ, ಕ್ರಮಸಂಖ್ಯೆ, ನೇರಳೆ ಮೊಹರು. ಕಳಂಬೋಲಿಯ ಆಫೀಸಿನ ವಿಳಾಸವೂ ಇದೆ. ಗಲ್ಲಾದ ಡ್ರಾಯರಿನಲ್ಲಿ, ಲಕ್ಷ್ಮಿಯ ಫೋಟೋದ ಕೆಳಗೆ ಇಟ್ಟು ಬೀಗ ಹಾಕಿದ್ದೇನೆ. ಓಟದ ವಾರದಲ್ಲಿ ಇದನ್ನು ತೋರಿಸಿದರೆ ಎದೆಗೆ ಅಂಟಿಸುವ ನಂಬರು ಕೊಡುತ್ತಾರೆ. ನಿನ್ನ ಸಂಶಯದ ಬುದ್ಧಿ ನನಗೆ ಗೊತ್ತು. ಮೂವತ್ತೊಂದು ವರ್ಷದಿಂದ ಗಲ್ಲಾದಲ್ಲಿ ಕುಳಿತಿದ್ದೇನೆ. ದುಡ್ಡು ಕೊಟ್ಟು ಕೂಪನ್ ಪಡೆದವನಿಗೆ ಇಡ್ಲಿ ಬಾರದೇ ಹೋದದ್ದು ಒಂದು ದಿನವೂ ಇಲ್ಲ.

ಇನ್ನೊಂದು ಸುದ್ದಿ. ನಿನಗೆ ಸಲಹೆ ಕೊಡಲು ಅನುಕೂಲವಾಗಲಿ ಎಂದು ನಾನೂ ಬೆಳಿಗ್ಗೆ ಓಡುತ್ತಿದ್ದೇನೆ. ದಿನಕ್ಕೆ ಹನ್ನೆರಡು ಕಿಲೋಮೀಟರು. ಸುಮಾರಾಗಿ. ಆದರೆ ಈ ಊರಿನಲ್ಲಿ ಮನುಷ್ಯ ಓಡುವುದು ಹೇಗೆ? ಫುಟ್‌ಪಾತಿನ ಮೇಲೆ ಸ್ಕೂಟರು, ರಸ್ತೆಯ ತುಂಬ ಪೈಪಿನ ಗುಂಡಿ, ಗುಂಡಿಯ ಪಕ್ಕದಲ್ಲಿ ನಾಯಿ. ಮೊನ್ನೆ ಐದು ಗಂಟೆಗೆ ನಾನು ಓಡುವುದನ್ನು ನೋಡಿ ಹಿಂದಿನಿಂದ ಮೂವರು ಓಡತೊಡಗಿದರು. ಅಭಿಮಾನಿಗಳು ಎಂದುಕೊಂಡೆ. ಸ್ಟೇಷನ್ನಿನ ತಿರುವಿನಲ್ಲಿ ನಾನು ನಿಂತೆ. ಅವರೂ ನಿಂತರು. ಒಬ್ಬ ಏದುಸಿರು ಬಿಡುತ್ತ ಕೇಳಿದ: “ಕಾಕಾ, ಗಾಡಿ ಆಯಿಚ್ ನಹೀಂ ತೋ ಭಾಗೇ ಕಾಯ್ಕೋ?” ಗಾಡಿಯೇ ಬಂದಿಲ್ಲ, ಮತ್ತೆ ಓಡಿದ್ದೇಕೆ ಎಂದು. ಡೊಂಬಿವಲಿಯಲ್ಲಿ ಒಬ್ಬ ಓಡಿದರೆ ಲೋಕಲ್ ಟ್ರೇನು ಬಂತೆಂದೇ ಅರ್ಥ. ಆ ಮೂವರು ಬೈದ ಬೈಗುಳವನ್ನು ಬರೆಯುವುದಿಲ್ಲ.

ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದು? ನನಗಲ್ಲ, ಗೆಳೆಯನೊಬ್ಬನಿಗೆ.

ಇತಿ, ನಿನಗಿಂತ ಮೊದಲು ಏಳುವ,
ಲೀಲಾಧರ


ಡೊಂಬಿವಲಿ ಪೂರ್ವ
ಫೆಬ್ರವರಿ 5, 2025

ಮನೀಶನಿಗೆ,

‘ಶ್ರೀ’ ಎಂದು ಬರೆಯಲು ಕೈ ಬರುತ್ತಿಲ್ಲ.

ಹದಿನೆಂಟು ದಿನಗಳಿಂದ ಆರನೆಯ ಟೇಬಲಿನಲ್ಲಿ ನೀನಿಲ್ಲ. ಫೋನು ಬಂದ್. ನಿನ್ನೆ ಎರಡು ಬಸ್ಸು ಬದಲಿಸಿ, ಕೂಪನ್ನಿನ ಮೇಲಿದ್ದ ವಿಳಾಸ ಹಿಡಿದು ಕಳಂಬೋಲಿಯ ಉಕ್ಕಿನ ಬಜಾರಿಗೆ ಬಂದೆ. ಅಲ್ಲಿ ಇದ್ದದ್ದು ಕಬ್ಬಿಣದ ಸರಳುಗಳ ಗೋಡೌನು. ಓಟದ ಆಫೀಸು ಎಲ್ಲಿ ಎಂದು ಕೇಳಿದರೆ ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚಾಚಾ, ಇಧರ್ ಸಿರ್ಫ್ ಸರಿಯಾ ಮಿಲ್ತಾ ಹೈ” ಎಂದ. ಇಲ್ಲಿ ಸರಳು ಮಾತ್ರ ಸಿಗುವುದಂತೆ. ಅದೇ ವಿಳಾಸಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹತ್ತಿರ ಇರುವುದು ಅದೊಂದೇ.

ನೀನು ಹಿಂದಿಯಲ್ಲಿ ಮಾತಾಡಿದ್ದರೆ ನಿನ್ನ ಆಧಾರ್ ಕಾರ್ಡು ಕೇಳುತ್ತಿದ್ದೆ. ಮರಾಠಿಯಲ್ಲಾದರೆ ರಸೀದಿ ಕೇಳುತ್ತಿದ್ದೆ. ನೀನು ತುಳುವಿನಲ್ಲಿ ಅಣ್ಣೆರೆ ಎಂದೆ, ನಾನು ಚಹಾದ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಕಟಪಾಡಿಯಲ್ಲಿ ಯಾರ ಮನೆ ಎಂದೂ ಕೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಗಲ್ಲಾಕ್ಕೆ ಒಂದು ಖೋಟಾ ನೋಟು ನುಗ್ಗಿಲ್ಲ, ನೀನು ನುಗ್ಗಿದೆ.

ದುಡ್ಡು ನೀನೇ ಇಟ್ಟುಕೋ. ಏಳು ನಂಬರು ಕೊಡು. ಏಳು ಆಗದಿದ್ದರೆ ಒಂದು. ನನ್ನ ತಂಗಿಯ ಮಗಳಿಗೆ ಒಂದು. ಅವಳು ನನ್ನೊಡನೆ ಮಾತಾಡಬೇಕಾದರೆ ಅದು ಬೇಕು.

ಲೀಲಾಧರ

(ಲಕೋಟೆಯ ಮೇಲೆ ಅಂಚೆಯವರ ಬರಹ: ಈ ಹೆಸರಿನವರು ಇಲ್ಲಿಲ್ಲ. ಕಳಿಸಿದವರಿಗೆ ವಾಪಸ್.)


ನೆರೂಲ್
ಫೆಬ್ರವರಿ 14, 2025

ಮಾಮ,

ಓಟಕ್ಕೆ ಇನ್ನು ಇಪ್ಪತ್ತಮೂರು ದಿನ. ಎಂಟ್ರಿ ಇರುವ ಎಲ್ಲರಿಗೂ ಇಮೇಲ್ ಬಂದಿದೆ, ನಮ್ಮ ಏಳು ಜನರಿಗೆ ಬಂದಿಲ್ಲ. ಊರ್ಮಿಳಕ್ಕ ದಿನಾ ಕೇಳುತ್ತಾರೆ, “ಮಾಮಾರು ಏನಂದ್ರು?” ನಾನು ಏನೆನ್ನಲಿ? ಒಂದು ತಿಂಗಳಿಂದ ನಿಮ್ಮ ಚೀಟಿಯೇ ಇಲ್ಲ. ನೀವು ಸುಮ್ಮನಿರುವವರಲ್ಲ. ಅದೇ ನನಗೆ ಹೆದರಿಕೆ.

ಭಾನುವಾರ ಮೂವತ್ತೆರಡು ಓಡಿದೆ. ಎಡಗಾಲಿನ ಎರಡು ಉಗುರು ಕಪ್ಪಾಗಿವೆ. ಅದು ನೋವಾಗುವುದಿಲ್ಲ. ಗೊತ್ತಿಲ್ಲದೆ ಕಾಯುವುದು ನೋವಾಗುತ್ತದೆ.

ಆಯಿತೋ, ಆಗಲಿಲ್ಲವೋ? ಒಂದು ಪದ ಬರೆಯಿರಿ ಸಾಕು.

ಪ್ರೇಕ್ಷಾ


ಡೊಂಬಿವಲಿ ಪೂರ್ವ
ಫೆಬ್ರವರಿ 20, 2025

ಪ್ರೇಕ್ಷಾ,

ಆಗಲಿಲ್ಲ.

ಈ ಪದಕ್ಕಿಂತ ಮುಂಚೆ ನಾಲ್ಕು ಕಾಗದ ಬರೆದು ಹರಿದೆ. ಒಂದರಲ್ಲಿ ಓಟವೇ ಮುಂದಕ್ಕೆ ಹೋಗಿದೆ ಎಂದಿದ್ದೆ. ಇನ್ನೊಂದರಲ್ಲಿ ನಿನಗೆ ಬಾಣಂತಿ ಆರೈಕೆಯ ಹಾಗೆ ವಿಶ್ರಾಂತಿ ಬೇಕೆಂದು ಡಾಕ್ಟರು ನನಗೆ ಕನಸಿನಲ್ಲಿ ಹೇಳಿದರು ಎಂದಿದ್ದೆ. ಚೆನ್ನಾಗಿಯೇ ಬಂದಿತ್ತು. ಹರಿದೆ.

ಮನೀಶ್ ಮೋಸಗಾರ. ಕೂಪನ್ ಬರೀ ಕಾಗದ. ಫೆಬ್ರವರಿಯ ಮೊದಲ ವಾರದಲ್ಲೇ ನನಗೆ ಗೊತ್ತಾಗಿತ್ತು, ಹೇಳಲು ಬಾಯಿ ಬರಲಿಲ್ಲ. ಓಟದವರ ನಿಜವಾದ ಆಫೀಸಿಗೂ ಹೋದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳು, ನೀರು ಕೊಟ್ಟಳು. ನಗದು ಪಡೆಯುವ ಪದ್ಧತಿಯೇ ಇಲ್ಲ, ಇನ್ನು ಯಾರಿಗೂ ಕೊಡುವಂತಿಲ್ಲ ಎಂದಳು. ಕಂಪ್ಯೂಟರಿನಲ್ಲಿ ಅದನ್ನು ಕೆಂಪು ಅಕ್ಷರದಲ್ಲಿ ಹಾಕಿದ್ದಾರೆ. ಕೆಂಪೇನೋ ಕಂಡಿತು. ಇಂಗ್ಲಿಷು, ಓದಲಾಗಲಿಲ್ಲ.

ಪೊಲೀಸ್ ಠಾಣೆಯಲ್ಲಿ ಒಂದು ಲಕ್ಷ ಹೋಯಿತು ಎಂದೆ, ಇಲ್ಲದಿದ್ದರೆ ಅವರು ತಲೆ ಎತ್ತುವುದಿಲ್ಲ. ಹವಾಲ್ದಾರ ತಲೆ ಎತ್ತಿದ, ಏಳರಿಂದ ಭಾಗಿಸಿದ, “ಕಾಕಾ, ಹೇ ಲೋಕ್ ಸೋನ್ಯಾಚ್ಯಾ ರಸ್ತ್ಯಾವರ್ ಧಾವ್ತಾತ್ ಕಾಯ್?” ಎಂದ. ಚಿನ್ನದ ರಸ್ತೆಯಲ್ಲಿ ಓಡುತ್ತಾರಾ ಎಂದು. ನಿನ್ನ ಅಮ್ಮನಿಗೆ ಒಂದು ಸಾವಿರ ಹೋಯಿತು ಎಂದಿದ್ದೇನೆ. ನೀನೂ ಹಾಗೆಯೇ ಹೇಳು.

ಏಳು ಜನರ ಹಣವನ್ನು ನನ್ನ ಕೈಯಿಂದ ಊರ್ಮಿಳಮ್ಮನಿಗೆ ನಿನ್ನೆ ಮುಟ್ಟಿಸಿದೆ. ಅವರು ಎಣಿಸಲಿಲ್ಲ. “ರೊಕ್ಕ ತಿರುಗಿ ಬಂತ್ರೀ ಮಾಮಾರ. ಐದು ತಿಂಗಳು ನಸುಕಿನ್ಯಾಗ ಎದ್ದದ್ದು ಯಾರು ತಿರುಗಿ ಕೊಡ್ತಾರ?” ಎಂದರು.

ಲೀಲಾಧರ


ನೆರೂಲ್
ಮಾರ್ಚ್ 9, 2025

ಮಾಮ,

ಇವತ್ತು ಓಟ ಆಯಿತು. ನಾನು ಮೂವತ್ತನಾಲ್ಕರ ಬೋರ್ಡಿನ ಹತ್ತಿರ ಹೋಗಿ ನಿಂತಿದ್ದೆ. ಯಾಕೆ ಹೋದೆ ಎಂದು ಗೊತ್ತಿಲ್ಲ. ನಂಬರು ಇಲ್ಲದೆಯೂ ನಡುವೆ ನುಗ್ಗಿ ಓಡಬಹುದಿತ್ತು, ಕೆಲವರು ಹಾಗೆ ಮಾಡುತ್ತಾರೆ. ಅದೂ ಒಂದು ಸುಳ್ಳಿನ ಶಾಲು ಅಲ್ಲವೇ?

ನನ್ನಷ್ಟೇ ವಯಸ್ಸಿನ ಒಬ್ಬಳು ಬಂದು ಅಲ್ಲೇ ಕುಳಿತಳು, ನಾನು ಕುಳಿತ ಜಾಗದಲ್ಲೇ. ಎರಡು ನಿಮಿಷ ಕುಳಿತು ಎದ್ದು ಹೋದಳು. ಅವಳು ಏಳಬಾರದಿತ್ತು ಎಂದು ನನಗೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯಾಯಿತು.

ಆ ಶಾಲನ್ನು ಪಾರ್ಸೆಲ್ ಮಾಡಿದ್ದೇನೆ. ಮನೆಯಲ್ಲಿ ಇಡಬೇಡಿ. ಎಲ್ಲಿಂದ ಬಂತೋ ಅಲ್ಲಿಗೆ ಕೊಟ್ಟುಬನ್ನಿ.

ಪ್ರೇಕ್ಷಾ


ಡೊಂಬಿವಲಿ ಪೂರ್ವ
ಮಾರ್ಚ್ 24, 2025

ಪ್ರೇಕ್ಷಾ,

ನಿನ್ನೆ ಥಾಣೆಯಲ್ಲಿ ಸಂಘದ ವಾರ್ಷಿಕೋತ್ಸವ. ಧನ್ಯವಾದ ಹೇಳುವ ಕೆಲಸ ಪ್ರತಿ ವರ್ಷದಂತೆ ನನ್ನದೇ. ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಮೈಕಿನ ಮುಂದೆ ಹೋದೆ. ಇನ್ನೊಂದು ಸನ್ಮಾನ ಎಂದುಕೊಂಡು ಜನ ಮೊದಲೇ ಚಪ್ಪಾಳೆ ಹೊಡೆದರು.

“ಕಳೆದ ವರ್ಷ ನನ್ನ ತಂಗಿಯ ಮಗಳು ಓಡಿದ್ದು ಮೂವತ್ತನಾಲ್ಕು ಕಿಲೋಮೀಟರು” ಎಂದೆ. “ನಲವತ್ತೆರಡು, ಎರಡನೆಯ ನಂಬರು ಎಂದದ್ದು ನಾನು. ಅವಳು ಹೇಳಿದ್ದಲ್ಲ. ಅವಳು ಇದನ್ನು ಹೊದ್ದದ್ದು ನನ್ನ ಮಾನ ಉಳಿಸಲಿಕ್ಕೆ.” ಮನೀಶನ ಕತೆಯನ್ನೂ ಹೇಳಿದೆ, ಇನ್ನೊಬ್ಬರು ಅವನ ತುಳುವಿಗೆ ಬೀಳಬಾರದಲ್ಲ. ನನಗೆ ಹೋದದ್ದು ಹತ್ತು ಸಾವಿರ ಎಂದೆ. ನಿನ್ನ ಅಮ್ಮ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿದ್ದಳು. ಆಗ ಹಿಂದಿನಿಂದ ಒಬ್ಬರು ಕೂಗಿದರು: “ಲೀಲಣ್ಣ, ಹಾಗಾದರೆ ಆ ಬಸ್ಸಿನ ಕತೆ?” ಸಭೆಗೆ ಸಭೆಯೇ ನಕ್ಕಿತು. “ಅದು ನಿಜ!” ಎಂದೆ. ಇನ್ನೂ ಹೆಚ್ಚು ನಕ್ಕರು.

ಶಾಲನ್ನು ಕಾರ್ಯದರ್ಶಿಯ ಕೈಗೆ ಕೊಡಹೋದೆ. “ಒಮ್ಮೆ ಹೊದೆಸಿದ್ದನ್ನು ವಾಪಸ್ ಪಡೆಯುವ ಕ್ರಮ ಸಂಘದಲ್ಲಿ ಇಲ್ಲ ಮಾರಾಯ್ರೆ. ಪುಸ್ತಕದಲ್ಲಿ ಎಲ್ಲಿ ಬರೆಯುವುದು?” ಎಂದ. ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಸುಳ್ಳನ್ನು ಕೊಡುವಾಗ ಬ್ಯಾಂಡು ಬಾರಿಸಿದರು, ಅದನ್ನು ಹಿಂದೆ ಕೊಡಲಿಕ್ಕೆ ಒಂದು ಕಿಟಕಿ ಇಲ್ಲ. ಲೋಕಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ಬಂದೆ. ನಿನ್ನ ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ದಿವಾ ಸ್ಟೇಷನ್ ದಾಟಿದ ಮೇಲೆ, “ಮೂವತ್ತನಾಲ್ಕೇನು ಕಡಿಮೆಯಾ, ಅಣ್ಣ?” ಎಂದಳು. ಅಷ್ಟೇ ಹೇಳಿದ್ದು.

ಲೀಲಾಧರ


ನೆರೂಲ್
ಏಪ್ರಿಲ್ 7, 2025

ಮಾಮ,

ಅಮ್ಮ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ನಿಮ್ಮ ಚೀಟಿಯಲ್ಲಿ ಬಿಟ್ಟದ್ದನ್ನೂ. ಮೈಕು ಬಿಟ್ಟು ಇಳಿದ ಮೇಲೆ ಎರಡು ಲೋಟ ನೀರು ಕುಡಿದಿರಂತೆ.

ನಿನ್ನೆ ನಾವು ಐದು ಜನ ನಮ್ಮಷ್ಟಕ್ಕೇ ಓಡಿದೆವು. ನೆರೂಲಿನಿಂದ ಬೇಲಾಪುರಕ್ಕೆ, ಮತ್ತೆ ಹಿಂದಕ್ಕೆ, ಮತ್ತೆ ಮತ್ತೆ. ನಂಬರಿಲ್ಲ, ಬೋರ್ಡಿಲ್ಲ, ಕೈಯ ಜಿಪಿಎಸ್ ಗಡಿಯಾರ ನೋಡಿ ಲೆಕ್ಕ. ಮೂವತ್ತನಾಲ್ಕು ಬಂತು, ದಾಟಿದೆ. ಊರ್ಮಿಳಕ್ಕ ಇಪ್ಪತ್ತೊಂಬತ್ತಕ್ಕೇ ನಿಂತು, ರಿಕ್ಷಾದಲ್ಲಿ ನಮ್ಮ ಪಕ್ಕದಲ್ಲೇ ಬರುತ್ತ, “ಹೌದ ಹುಲಿಯಾ! ನಡಿ, ನಡಿ!” ಎಂದು ಕೂಗುತ್ತಿದ್ದರು. ಎಂಟು ಗಂಟೆಗೇ ಸುಡುವ ಬಿಸಿಲು. ಮಾರ್ಚಿನಲ್ಲಿ ಓಡಬೇಕಾದದ್ದನ್ನು ಏಪ್ರಿಲಿನಲ್ಲಿ ಓಡಿದರೆ ಹೀಗೆಯೇ. ಮೂವತ್ತೆಂಟಕ್ಕೆ ಕುಳಿತೆ. ಅತ್ತೆ. ಸಿಟ್ಟಿನಿಂದ.

ಯಾರಾದರೂ ಕೇಳಿದರೆ ಮೂವತ್ತೆಂಟು ಎನ್ನಿ. ಮೂವತ್ತೆಂಟೇ.

ಇನ್ನೊಂದು. ಪೊಲೀಸರಿಗೆ ಒಂದು ಲಕ್ಷ, ಸಂಘಕ್ಕೆ ಹತ್ತು ಸಾವಿರ, ಅಮ್ಮನಿಗೆ ಒಂದು ಸಾವಿರ. ನಿಜವಾಗಿ ನಿಮಗೆ ಹೋದದ್ದು ಎಷ್ಟು? ಚೀಟಿಗೆ ಉತ್ತರ ಕೊಡಲೇಬೇಕು.

ಪ್ರೇಕ್ಷಾ


ಡೊಂಬಿವಲಿ ಪೂರ್ವ
ಏಪ್ರಿಲ್ 13, 2025

ಚಿ. ಪ್ರೇಕ್ಷಾಳಿಗೆ,

ಇಂದು ಬೆಳಿಗ್ಗೆ ಗಲ್ಲಾದಲ್ಲಿ ಹಾಲಿನವನು ಕೇಳಿದ, ನಿಮ್ಮ ಹುಡುಗಿ ಕೊನೆಗೂ ಓಡಿದಳಾ ಎಂದು. ನಲವತ್ತೆರಡು ಎನ್ನುವ ಪದ ಹಲ್ಲಿನವರೆಗೆ ಬಂದಿತ್ತು. ಮೂವತ್ತೆಂಟು ಎಂದೆ. ಉಳಿದ ನಾಲ್ಕು ಕಿಲೋಮೀಟರನ್ನು ನುಂಗುವುದು ಎಂಥ ಕಷ್ಟ ಎಂದು ನಿನಗೆ ಗೊತ್ತಿಲ್ಲ. ಅಥವಾ ನಿನಗೇ ಗೊತ್ತು. ಅವನು, “ಅಡತೀಸ್? ಬಾಪ್ ರೇ!” ಎಂದ. ಇಷ್ಟಕ್ಕೇ ಜನ ಬಾಪ್ ರೇ ಎನ್ನುತ್ತಾರೆಂದು ಮೊದಲೇ ತಿಳಿದಿದ್ದರೆ!

ಬಸ್ಸಿನ ವಿಷಯ. ಓಡಿದ್ದು ನಿಜ. ಬಸ್ಸು ತಪ್ಪಿತ್ತು.

ಶಾಲು ನನ್ನ ಕಪಾಟಿನಲ್ಲಿದೆ, ಪ್ಲಾಸ್ಟಿಕ್ಕು ಬಿಚ್ಚಿಲ್ಲ. ಮುಂದಿನ ಎಂಟ್ರಿ ಯಾವಾಗ ತೆರೆಯುತ್ತದೆ ಎಂದು ನೀನೇ ನೋಡಿಕೋ. ನಾನು ಏನೂ ಮಾಡುವುದಿಲ್ಲ.

ಇತಿ, ಬಸ್ಸಿನ ಹಿಂದೆ ಓಡಿದ ನಿನ್ನ ತಮ್ಮಲೆ,
ಲೀಲಾಧರ

ತಾ.ಕ.: ಲೆಕ್ಕ ಕೇಳಿದ್ದೀ. ನಿಮ್ಮ ಏಳು ಜನರದ್ದು ಇಪ್ಪತ್ತನಾಲ್ಕು ಸಾವಿರದ ಐನೂರು, ಅದು ನಿನಗೆ ಗೊತ್ತು. ಡ್ರಾಯರಿನಲ್ಲಿ ಎಂಟನೆಯ ಕೂಪನ್ ಒಂದಿತ್ತು, ನನ್ನ ಹೆಸರಿನದು. ನಲವತ್ತೆರಡರದ್ದಲ್ಲ. ಹಿರಿಯರ ಓಟ, ಐದು ಕಿಲೋಮೀಟರು, ಸಾವಿರದ ಇನ್ನೂರು. ನೀನು ಓಡಿ ಬರುವಾಗ ಮುಗಿಯುವ ಗೆರೆಯ ಹತ್ತಿರ ನಾನೂ ಎದೆಗೆ ನಂಬರು ಹಚ್ಚಿಕೊಂಡು ನಿಂತಿರಬೇಕೆಂದಿದ್ದೆ. ಒಟ್ಟು ಇಪ್ಪತ್ತೈದು ಸಾವಿರದ ಏಳುನೂರು ರೂಪಾಯಿ.